ಮಗಳ ಕಂಪ್ಯೂಟರಿನಲ್ಲಿ ವಿನ್ಯಾಸ ತಂತ್ರಾಂಶ ಅರ್ಧಕ್ಕೇ ನಿಲ್ಲುತ್ತಿದೆ: ಅನುಭವವಿದ್ದವರು ದಯವಿಟ್ಟು ತಿಳಿಸಿ

ಕೇಳಿದವರು, ಹಾವೇರಿ

ನನ್ನ ಮಗಳು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೆಯ ಸೆಮಿಸ್ಟರಿನಲ್ಲಿದ್ದಾಳೆ. ಕಾಲೇಜಿನವರು ಹೇಳಿದ ಮೂರು ಆಯಾಮದ ವಿನ್ಯಾಸ ತಂತ್ರಾಂಶದ ವಿದ್ಯಾರ್ಥಿ ಆವೃತ್ತಿಯನ್ನು ತಯಾರಕರ ತಾಣದಿಂದಲೇ ಇಳಿಸಿಕೊಂಡಿದ್ದೇವೆ. ಪ್ರತಿ ಸಲವೂ ಶೇಕಡಾ 92ರವರೆಗೆ ಹೋಗಿ, ಹಾಕಿದ್ದನ್ನೆಲ್ಲ ತಾನೇ ತೆಗೆದುಹಾಕಿ, 1603 ಎಂಬ ದೋಷಸಂಖ್ಯೆ ತೋರಿಸಿ ನಿಲ್ಲುತ್ತದೆ. 8 ಜಿಬಿ ರ‍್ಯಾಮ್ ಇದೆ, ಸಿ ಡ್ರೈವಿನಲ್ಲಿ 90 ಜಿಬಿ ಖಾಲಿ ಇದೆ. ಮುಂದಿನ ಸೋಮವಾರ ಅವಳು ಮೊದಲ ಜೋಡಣಾ ನಕ್ಷೆಯನ್ನು ಒಪ್ಪಿಸಬೇಕು.

ಭದ್ರಾವತಿಯ ನಿವೃತ್ತ ನಕ್ಷೆಗಾರರು

ತಾಯಿ, 1603 ಎಂಬುದು ಕಾಯಿಲೆಯ ಹೆಸರಲ್ಲ. ಅಳವಡಿಕೆ ಮುಂದುವರಿಯಲಾರದೆ ನಿಂತಿತು ಎಂಬುದಷ್ಟೇ ಅದರ ಅರ್ಥ. ನಾನು ನಿವೃತ್ತನಾದ ಮೇಲೆ ಮನೆಯಲ್ಲೇ ಸಣ್ಣ ಕೆಲಸ ಹಿಡಿಯೋಣವೆಂದು ಇಂಥದ್ದೇ ತಂತ್ರಾಂಶ ಹಾಕಲು ಹೋಗಿ ಇಪ್ಪತ್ತೆರಡು ದಿನ ಕಳೆದೆ. ಹದಿನಾಲ್ಕು ಸಲ ಪ್ರಯತ್ನಿಸಿದ್ದನ್ನು ದಿನಾಂಕ ಸಮೇತ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಕಡತ 11 ಜಿಬಿ ಇತ್ತು, ನನ್ನ ಮೊಬೈಲಿನಲ್ಲಿ ದಿನಕ್ಕೆ ಸಿಗುತ್ತಿದ್ದುದು 2 ಜಿಬಿ. ಆರು ದಿನ ಇಳಿಸಿದ ಮೇಲೆ ವಿಂಡೋಸಿನಲ್ಲೇ ಇರುವ ಸರ್ಟ್‌ಯುಟಿಲ್ ಆದೇಶದಿಂದ ಎಸ್‌ಎಚ್‌ಎ 256 ಮೊತ್ತ, ಅಂದರೆ ಕಡತ ಕೆಡದೆ ಬಂದಿದೆಯೇ ಎಂದು ತಿಳಿಸುವ ಗುರುತಿನ ಸಂಖ್ಯೆ, ತೆಗೆದು ನೋಡಿದರೆ, ತಯಾರಕರು ಕೊಟ್ಟ ಮೊತ್ತಕ್ಕೆ ಅದು ಹೊಂದಲಿಲ್ಲ. ನಡುವೆ ಕರೆಂಟು ಹೋದಾಗ ಕಡತ ಕೆಟ್ಟಿರಬೇಕು. ಮತ್ತೆ ಆರು ದಿನ ಇಳಿಸಿದೆ.

ಎರಡನೆಯ ಸಲ ಮೊತ್ತ ಹೊಂದಿತು, ಆದರೂ ಅದೇ 1603 ಬಂತು. ಆಗ ಅಳವಡಿಕೆ ನಡೆಸುವ ಎಂಎಸ್‌ಐಎಕ್ಸೆಕ್ ಆದೇಶದ ಜೊತೆಗೆ ವಿವರವಾದ ಲಾಗ್, ಅಂದರೆ ನಡೆದ ಪ್ರತಿ ಹೆಜ್ಜೆಯ ದಾಖಲೆ, ಬರೆಯುವ ಸೂಚನೆ ಕೊಟ್ಟು ಓಡಿಸಿದೆ. ಸಾವಿರಾರು ಸಾಲುಗಳ ಆ ಕಡತದಲ್ಲಿ ‘ರಿಟರ್ನ್ ವ್ಯಾಲ್ಯೂ 3’ ಎಂಬ ಮಾತನ್ನು ಹುಡುಕಿ, ಅದರ ಮೇಲಿನ ಹತ್ತು ಹದಿನೈದು ಸಾಲುಗಳನ್ನು ಓದಬೇಕು. ನಿಜವಾದ ಕಾರಣ ಬಹುಮಟ್ಟಿಗೆ ಅಲ್ಲಿರುತ್ತದೆ. ನಾನು ತಂತ್ರಾಂಶ ಹಾಕುತ್ತಿದ್ದ ಡಿ ಡ್ರೈವಿನ ಫೋಲ್ಡರಿಗೆ ನನ್ನ ಮಗ ಬೇರೆಯವರು ಕೈಹಾಕದಂತೆ ಅನುಮತಿ ಬಿಗಿಮಾಡುವಾಗ, ವಿಂಡೋಸ್ ತಾನೇ ಬಳಸುವ ‘ಸಿಸ್ಟಮ್’ ಎಂಬ ಖಾತೆಯ ಪೂರ್ಣ ಅಧಿಕಾರವನ್ನೂ ತೆಗೆದುಬಿಟ್ಟಿದ್ದ. ಅದನ್ನು ಮರಳಿ ಕೊಟ್ಟು, ಆಂಟಿವೈರಸ್ಸನ್ನು ಅರ್ಧ ಗಂಟೆ ನಿಲ್ಲಿಸಿ ಹಾಕಿದೆ, ಒಂದೇ ಸಲಕ್ಕೆ ಮುಗಿಯಿತು. ಯಾರಿಗೂ ಒಂದು ರೂಪಾಯಿ ಕೊಡಲಿಲ್ಲ.

ಮೈಸೂರಿನ ಸಿವಿಲ್ ಎಂಜಿನಿಯರ್

ಹಿರಿಯರು ಆಂಟಿವೈರಸ್ ನಿಲ್ಲಿಸುವ ಮಾತನ್ನು ಇಷ್ಟು ಹಗುರವಾಗಿ ಬರೆದಿರುವುದನ್ನು ಓದಿ ನನಗೆ ಸಂಕಟವಾಯಿತು. ನನ್ನ ಕಥೆಯನ್ನು ಕೇಳಿ. ಅಳವಡಿಕೆ ಎರಡು ಸಲ ಕೆಟ್ಟಾಗ ನಾನು ಬೇಸತ್ತು ಪಕ್ಕದ ರಸ್ತೆಯ ಅಂಗಡಿಗೆ ಸಿಪಿಯು ಹೊತ್ತುಕೊಂಡು ಹೋದೆ. ಅವರು 800 ರೂಪಾಯಿ ಪಡೆದು ಸಂಜೆಯೊಳಗೆ ಹಾಕಿಕೊಟ್ಟರು. ಹಾಕಿದ್ದು ಪರವಾನಗಿಯ ಬೀಗ ಮುರಿದ ಕಳ್ಳಪ್ರತಿ ಎಂಬುದು ಆಮೇಲೆ ತಿಳಿಯಿತು. ಅದು ನಡೆಯಲೆಂದು ಆಂಟಿವೈರಸ್ಸನ್ನು ಕಾಯಂ ಆಗಿ ನಿಲ್ಲಿಸಿದ್ದರು.

ನಲವತ್ತನೆಯ ದಿನ ಬೆಳಗ್ಗೆ ತೆರೆದರೆ ಪ್ರತಿಯೊಂದು ಕಡತದ ಹೆಸರಿನ ಕೊನೆಗೂ ಬೇರೊಂದು ಬಾಲ ಸೇರಿಕೊಂಡು, ಹಣ ಕೇಳುವ ಪತ್ರ ಪರದೆಯ ಮೇಲಿತ್ತು: ಕಡತಗಳಿಗೆ ಬೀಗ ಹಾಕಿ ಸುಲಿಗೆ ಮಾಡುವ ವೈರಸ್ ಹೊಕ್ಕಿತ್ತು. ಹನ್ನೊಂದು ಮನೆಗಳ ನಕ್ಷೆ ಮತ್ತು ಅಂದಾಜು ಪಟ್ಟಿಗಳು ಹೋದವು. ದತ್ತಾಂಶ ಮರಳಿಸುವವರು 18,000 ರೂಪಾಯಿ ಕೇಳಿದರು, ಬರೀ ಪರೀಕ್ಷೆಗೆ 3,000 ತೆಗೆದುಕೊಂಡು ಏನೂ ಬರುವುದಿಲ್ಲವೆಂದು ಹೇಳಿ ಕಳಿಸಿದರು. ಹೊಸ ಎಸ್‌ಎಸ್‌ಡಿಗೆ 2,600, ವಿಂಡೋಸ್ ಮತ್ತೆ ಹಾಕಿಸಲು 600. ಮೂರು ಮನೆಗಳ ಅಳತೆಯನ್ನು ಟೇಪು ಹಿಡಿದು ಮೊದಲಿನಿಂದ ತೆಗೆದೆ, ಒಬ್ಬ ಮಾಲೀಕರು ಮುಂಗಡವನ್ನು ಹಿಂದಕ್ಕೆ ಪಡೆದರು. ಈಗ ವರ್ಷಕ್ಕೊಮ್ಮೆ ಚಂದಾ ಕಟ್ಟಿ ಅಧಿಕೃತ ಪ್ರತಿಯನ್ನೇ ಬಳಸುತ್ತಿದ್ದೇನೆ. ಆಂಟಿವೈರಸ್ ನಿಲ್ಲಿಸಿ ಎನ್ನುವವರ ಮಾತನ್ನು ನಾನಂತೂ ಎಂದಿಗೂ ಒಪ್ಪುವುದಿಲ್ಲ.

ಭದ್ರಾವತಿಯ ನಿವೃತ್ತ ನಕ್ಷೆಗಾರರು

ಸ್ವಾಮಿ, ನಾನು ಬರೆದಿದ್ದು ತಯಾರಕರಿಂದಲೇ ಬಂದ, ಮೊತ್ತ ಹೊಂದಿದ ಕಡತದ ವಿಷಯ, ಅದೂ ಅರ್ಧ ಗಂಟೆಯ ಮಟ್ಟಿಗೆ. ನಿಮ್ಮ ನಷ್ಟಕ್ಕೆ ಕಾರಣ ಕದ್ದ ಪ್ರತಿಯೇ ಹೊರತು ನನ್ನ ಸಲಹೆಯಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಸಾಗರದ ಡಿಪ್ಲೊಮಾ ಉಪನ್ಯಾಸಕಿ

ನೀವಿಬ್ಬರೂ ನೋಡದ ಒಂದು ಕಾರಣವನ್ನು ಹೇಳುತ್ತೇನೆ. ನಾನು ವಿಂಡೋಸ್ ಖಾತೆಗೆ ನನ್ನ ಹೆಸರನ್ನು ಕನ್ನಡ ಲಿಪಿಯಲ್ಲಿ ಇಟ್ಟಿದ್ದೆ. ಆಗ ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನೊಳಗೆ ಅದೇ ಹೆಸರಿನ ಫೋಲ್ಡರ್ ಹುಟ್ಟುತ್ತದೆ, ತಾತ್ಕಾಲಿಕ ಕಡತಗಳ ‘ಟೆಂಪ್’ ಕೂಡ ಅದರೊಳಗೇ ಇರುತ್ತದೆ. ಎಂಜಿನಿಯರಿಂಗ್ ತಂತ್ರಾಂಶಗಳ ಹಲವು ಒಳಭಾಗಗಳು ಹಳೆಯ ಕಾಲದವು, ಇಂಗ್ಲಿಷೇತರ ಅಕ್ಷರವಿರುವ ಫೋಲ್ಡರ್ ದಾರಿಯನ್ನು ಅವು ಓದಲಾರವು. ನನ್ನ ಲಾಗ್ ಕಡತದಲ್ಲಿ ನನ್ನ ಹೆಸರಿದ್ದ ಜಾಗದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಿದ್ದವು.

ಸೆಟ್ಟಿಂಗ್ಸ್‌ನಲ್ಲಿ ಖಾತೆಯ ಹೆಸರು ಬದಲಿಸಿದೆ, ಪ್ರಯೋಜನವಾಗಲಿಲ್ಲ, ಏಕೆಂದರೆ ಹಾಗೆ ಮಾಡಿದರೆ ಫೋಲ್ಡರಿನ ಹೆಸರು ಬದಲಾಗುವುದಿಲ್ಲ. ಕೊನೆಗೆ ಇಂಗ್ಲಿಷ್ ಅಕ್ಷರಗಳ, ನಡುವೆ ಖಾಲಿ ಜಾಗವಿಲ್ಲದ ಹೊಸ ಖಾತೆ ಮಾಡಿ, ಅದಕ್ಕೆ ಆಡಳಿತಾಧಿಕಾರ ಕೊಟ್ಟು ಅಲ್ಲಿಂದ ಹಾಕಿದೆ. ದಸರಾ ರಜೆಯ ಮೂರು ದಿನ ಇದಕ್ಕೇ ಹೋದವು, 38 ವಿದ್ಯಾರ್ಥಿಗಳ ನಕ್ಷೆಗಳ ತಿದ್ದುಪಡಿ ಹಾಗೇ ಉಳಿಯಿತು.

ಧಾರವಾಡದ ಪ್ರೌಢಶಾಲಾ ಶಿಕ್ಷಕರು

ಉಪನ್ಯಾಸಕಿಯವರೇ, ನಮ್ಮ ಮನೆಯ ಯಂತ್ರದಲ್ಲಿ ನಮ್ಮ ಹೆಸರನ್ನು ನಮ್ಮ ಲಿಪಿಯಲ್ಲಿ ಇಟ್ಟುಕೊಂಡಿದ್ದೇ ತಪ್ಪು ಎಂಬಂತೆ ಬರೆದಿದ್ದೀರಿ. ಜಗತ್ತಿನ ಲಿಪಿಗಳಿಗೆಲ್ಲ ಕಂಪ್ಯೂಟರಿನಲ್ಲಿ ಸಂಕೇತ ಕೊಡುವ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡವಿದೆ, 2001ರ ವಿಂಡೋಸ್ ಎಕ್ಸ್‌ಪಿಯ ಜೊತೆಗೇ ತುಂಗಾ ಎಂಬ ಕನ್ನಡ ಅಕ್ಷರವಿನ್ಯಾಸ ಬಂದಿತ್ತು. ಇಷ್ಟು ವರ್ಷವಾದರೂ ಲಕ್ಷಗಟ್ಟಲೆ ಬೆಲೆಯ ತಂತ್ರಾಂಶಕ್ಕೆ ಒಂದು ಫೋಲ್ಡರಿನ ಹೆಸರು ಓದಲು ಬರದಿದ್ದರೆ ತಿದ್ದಿಕೊಳ್ಳಬೇಕಾದವರು ಅವರೇ.

ನಾನು ಈ ಜಂಜಾಟವನ್ನೇ ಬಿಟ್ಟು ಫ್ರೀಕ್ಯಾಡ್ ಎಂಬ ಮುಕ್ತ ವಿನ್ಯಾಸ ತಂತ್ರಾಂಶ ಹಿಡಿದೆ. 2024ರ ನವೆಂಬರಿನಲ್ಲಿ ಅದರ 1.0 ಆವೃತ್ತಿ ಬಂದಾಗ ಭಾಗಗಳನ್ನು ಜೋಡಿಸುವ ಸೌಲಭ್ಯವೂ ಒಳಗೇ ಬಂತು. ಪರವಾನಗಿ ಕೇಳುವುದಿಲ್ಲ, ಚಂದಾ ಇಲ್ಲ, ಇಪ್ಪತ್ತು ನಿಮಿಷದಲ್ಲಿ ಹಾಕಿ ಮುಗಿಸಿದೆ. ಮುಕ್ತ ತಂತ್ರಾಂಶಗಳನ್ನು ಕಲಿಯಲು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡದ ಪಾಠಗಳೂ ಇವೆ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಗಾಳಿಯಂತ್ರದ ಮಾದರಿಯನ್ನು ಮಕ್ಕಳೇ ಇದರಲ್ಲಿ ಮಾಡಿದರು.

ಮೈಸೂರಿನ ಸಿವಿಲ್ ಎಂಜಿನಿಯರ್

ಶಾಲೆಯ ಪ್ರದರ್ಶನ ಬೇರೆ, ಹೊಟ್ಟೆಪಾಡು ಬೇರೆ. ನನಗೆ ಕಟ್ಟಡ ವಿನ್ಯಾಸಕರು ಕಳಿಸುವುದು ಆಟೋಕ್ಯಾಡ್ ನಕ್ಷೆಗಳ ಡಿಡಬ್ಲ್ಯುಜಿ ಕಡತ. ನೀವು ಹೊಗಳುವ ತಂತ್ರಾಂಶದಲ್ಲಿ ಅದನ್ನು ತೆರೆಯಲು ಬೇರೊಂದು ಪರಿವರ್ತಕವನ್ನು ಹಾಕಿಕೊಳ್ಳಬೇಕಾಯಿತು. ತೆರೆದ ಮೇಲೆ ಗೋಡೆಗಳ ಗೆರೆ ತುಂಬಿದ ಭಾಗಗಳು ಮಾಯವಾಗಿದ್ದವು, ಅಳತೆಯ ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. ಆ ರಾತ್ರಿ ಎರಡು ಗಂಟೆಯವರೆಗೆ ಕೂತು ಕೈಯಿಂದ ಸರಿಪಡಿಸಿದ್ದೇನೆ.

ಸಾಗರದ ಡಿಪ್ಲೊಮಾ ಉಪನ್ಯಾಸಕಿ

ಧಾರವಾಡದವರೇ, ಕನ್ನಡದ ಮೇಲಿನ ಅಭಿಮಾನದಲ್ಲಿ ನಾನು ನಿಮಗಿಂತ ಕಡಿಮೆಯವಳಲ್ಲ. ಅಭಿಮಾನದಿಂದಲೇ ಆ ಹೆಸರನ್ನಿಟ್ಟಿದ್ದೆ, ತೆಗೆಯುವಾಗ ನೋವಾಗಿತ್ತು. ತಯಾರಕರಿಗೆ ದೂರು ಬರೆದು ಏಳು ತಿಂಗಳಾಯಿತು, ಸ್ವೀಕರಿಸಿದ್ದೇವೆ ಎಂಬ ಒಂದು ಸಾಲಿನ ಹೊರತು ಉತ್ತರವಿಲ್ಲ. ಅಲ್ಲಿಯವರೆಗೆ ನನ್ನ ವಿದ್ಯಾರ್ಥಿಗಳು ನಕ್ಷೆ ಬರೆಯದೆ ಕೂರಬೇಕೆ?

ಧಾರವಾಡದ ಪ್ರೌಢಶಾಲಾ ಶಿಕ್ಷಕರು

ದೂರು ಬರೆದಿದ್ದೀರೆಂದು ತಿಳಿದಿರಲಿಲ್ಲ, ನನ್ನ ಮಾತು ಕಟುವಾಗಿದ್ದರೆ ಕ್ಷಮಿಸಿ. ನಾನೂ ಬರೆಯುತ್ತೇನೆ. ಆದರೆ ಮೈಸೂರಿನವರು ಹೊಟ್ಟೆಪಾಡಿನ ಮಾತೆತ್ತಿ ಮಕ್ಕಳ ಕೆಲಸವನ್ನು ಕೀಳಾಗಿ ಕಂಡದ್ದು ನನಗೆ ಒಪ್ಪಿಗೆಯಾಗಲಿಲ್ಲ.

ಕೇಳಿದವರು, ಹಾವೇರಿ

ಎಲ್ಲರಿಗೂ ವಂದನೆಗಳು. ಮಗಳ ಖಾತೆಯ ಹೆಸರು ಇಂಗ್ಲಿಷಿನಲ್ಲೇ ಇದೆ, ಫೋಲ್ಡರಿನ ಅನುಮತಿಯೂ ಸರಿಯಿದೆ. ಭದ್ರಾವತಿಯ ಹಿರಿಯರು ಹೇಳಿದಂತೆ ಲಾಗ್ ತೆಗೆದು ಓದಿದೆವು. ‘ರಿಟರ್ನ್ ವ್ಯಾಲ್ಯೂ 3’ರ ಮೇಲಿನ ಸಾಲುಗಳಲ್ಲಿ ಡಾಟ್‌ನೆಟ್ 3.5, ಅಂದರೆ ತಂತ್ರಾಂಶ ಓಡಲು ಬೇಕಾದ ಮೈಕ್ರೋಸಾಫ್ಟಿನ ಪೂರಕ ಭಾಗ, ಇಲ್ಲವೆಂದು ಬರೆದಿದೆ. ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಅದಕ್ಕೆ ಗುರುತು ಹಾಕಿದರೆ ಬೇಕಾದ ಕಡತಗಳು ಸಿಗುತ್ತಿಲ್ಲ ಎನ್ನುತ್ತದೆ.

ಭದ್ರಾವತಿಯ ನಿವೃತ್ತ ನಕ್ಷೆಗಾರರು

ಸಿಕ್ಕಿತು ನೋಡಿ, ತಾಯಿ. ನಿಮ್ಮಲ್ಲಿರುವ ವಿಂಡೋಸ್ ಆವೃತ್ತಿಯದೇ ಐಎಸ್‌ಒ ಕಡತವನ್ನು (ಅಳವಡಿಕೆ ಡಿಸ್ಕಿನ ಪ್ರತಿರೂಪ) ಮೈಕ್ರೋಸಾಫ್ಟ್ ತಾಣದಿಂದ ಇಳಿಸಿ ತೆರೆಯಿರಿ, ಆವೃತ್ತಿ ಬೇರೆಯಾದರೆ ಕೆಲಸವಾಗುವುದಿಲ್ಲ. ಅದರ ‘ಸೋರ್ಸಸ್’ ಫೋಲ್ಡರಿನೊಳಗೆ ‘ಎಸ್‌ಎಕ್ಸ್‌ಎಸ್’ ಎಂಬುದಿದೆ. ಕಮಾಂಡ್ ಪ್ರಾಂಪ್ಟನ್ನು ಆಡಳಿತಾಧಿಕಾರದಿಂದ ತೆರೆದು, ವಿಂಡೋಸಿಗೆ ಭಾಗಗಳನ್ನು ಸೇರಿಸುವ ಡಿಸ್ಮ್ ಆದೇಶಕ್ಕೆ ಆ ಫೋಲ್ಡರಿನ ದಾರಿಯನ್ನೇ ಮೂಲವೆಂದು ಕೊಟ್ಟರೆ, ಕಡತಗಳನ್ನು ಅಂತರ್ಜಾಲದಲ್ಲಿ ಹುಡುಕದೆ ಅಲ್ಲಿಂದಲೇ ತೆಗೆದುಕೊಳ್ಳುತ್ತದೆ.

ಕೇಳಿದವರು, ಹಾವೇರಿ

ನಿನ್ನೆ ರಾತ್ರಿ 11.40ಕ್ಕೆ ಅಳವಡಿಕೆ ಪೂರ್ಣವಾಯಿತು. ಮಗಳು ಬೆಳಗಿನ ಜಾವದವರೆಗೆ ಕೂತು, ಎರಡು ತಿರುಗುವ ದಂಡಗಳನ್ನು ಜೋಡಿಸುವ ಫ್ಲೇಂಜ್ ಕಪ್ಲಿಂಗ್‌ನ ಎರಡು ಭಾಗಗಳನ್ನು ಬರೆದಿದ್ದಾಳೆ. ನಿಮಗೆಲ್ಲ ಋಣಿಯಾಗಿದ್ದೇನೆ.

ಮೈಸೂರಿನ ಸಿವಿಲ್ ಎಂಜಿನಿಯರ್

ಸಂತೋಷವಾಯಿತು, ಸಹೋದರಿ. ಆ ಎರಡು ಭಾಗಗಳ ಪ್ರತಿಯನ್ನು ಇಂದೇ ಬೇರೊಂದು ಡಿಸ್ಕಿಗೆ ಹಾಕಿಡಲು ಮಗಳಿಗೆ ಹೇಳಿ, ಮತ್ತು ಆ ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಡಬೇಡಿ. ನನ್ನ ಹನ್ನೊಂದು ಮನೆಗಳ ಪ್ರತಿಯೂ ಒಂದು ಡಿಸ್ಕಿನಲ್ಲಿತ್ತು, ಆ ದಿನ ಅದು ಯಂತ್ರಕ್ಕೇ ಸಿಕ್ಕಿಸಿಕೊಂಡಿತ್ತು.