ಸಹಾಯ ಬೇಕು: ಶಿವಪುರ ಸತ್ಯಾಗ್ರಹದ ಮನೆಮನೆಯ ನೆನಪುಗಳು

ಎಲ್ಲರಿಗೂ ನಮಸ್ಕಾರ. ಮದ್ದೂರು ಸುತ್ತಮುತ್ತಲ ಹಳೇ ವಿಷಯ ಕೂಡಿಡಲು ನಾವು ಆರು ಜನ ಭಾನುವಾರ ಊರೂರು ತಿರುಗುತ್ತಿದ್ದೇವೆ. ಈಗ ಹಿಡಿದಿರುವುದು 1938ರ ಏಪ್ರಿಲ್‌ನ ಶಿವಪುರ ಧ್ವಜ ಸತ್ಯಾಗ್ರಹ. ಮೈಸೂರು ಸಂಸ್ಥಾನದ ಸರ್ಕಾರ ಬೇಡವೆಂದರೂ ಜನ ಕಾಂಗ್ರೆಸ್ ಬಾವುಟ ಹಾರಿಸಿದ್ದು, ಕಾಂಗ್ರೆಸ್ ಮುಖಂಡ ಟಿ. ಸಿದ್ದಲಿಂಗಯ್ಯನವರು ಮುಂದೆ ನಿಂತಿದ್ದು ಪುಸ್ತಕಗಳಲ್ಲಿದೆ. ಆದರೆ ಅಷ್ಟು ಜನಕ್ಕೆ ಅನ್ನ ಬೇಯಿಸಿದವರು ಯಾರು? ಗಾಡಿ ಕಟ್ಟಿಕೊಂಡು ಬಂದವರು ಯಾವ ಊರಿನವರು? ಅದೆಲ್ಲ ಮನೆಗಳಲ್ಲೇ ಉಳಿದಿರುತ್ತೆ, ಅಲ್ವಾ?

ಹೋದ ತಿಂಗಳು ಒಂದು ಮನೆಯ ಅಟ್ಟದ ಪೆಟ್ಟಿಗೆ ತೆಗೆದರೆ ಕಾಗದವೆಲ್ಲ ಗೆದ್ದಲು ತಿಂದಿತ್ತು. ತುಂಬಾ ಸಂಕಟವಾಯಿತು.

ನಿಮ್ಮಲ್ಲಿ ಫೋಟೊ, ಪತ್ರ, ಲೆಕ್ಕದ ಪುಸ್ತಕ ಏನಿದ್ದರೂ ದಯವಿಟ್ಟು ತಿಳಿಸಿ. ಒಯ್ಯುವುದಿಲ್ಲ, ನಿಮ್ಮೆದುರೇ ಸ್ಕ್ಯಾನ್ ಮಾಡಿಕೊಳ್ಳುತ್ತೇವೆ. ಹಳೇ ಕೈಬರಹ ಓದಬಲ್ಲವರೂ ಬೇಕು. ತೊಂಬತ್ತು ದಾಟಿದ ಅಜ್ಜಿ, ತಾತ ಮನೆಯಲ್ಲಿದ್ದರೆ ಮೊದಲು ಹೇಳಿ, ಈ ವಾರವೇ ಬರುತ್ತೇವೆ.