ಬದಲಾಗುವ ಶೀರ್ಷಿಕೆಯಲ್ಲಿ ‘ಗೆ’ ಯಾವಾಗ, ‘ಕ್ಕೆ’ ಯಾವಾಗ?

ಎಲ್ಲರಿಗೂ ನಮಸ್ಕಾರ.

ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ಮಂಡಿಗೆ ಪವರ್ ಬಿಐನಲ್ಲಿ (ಅಂಕಿಅಂಶದಿಂದ ಚಾರ್ಟ್ ಮಾಡುವ ಸಾಫ್ಟ್‌ವೇರ್) ಆವಕದ, ಅಂದರೆ ಯಾರ್ಡಿಗೆ ಬಂದ ಮಾಲಿನ, ಚಾರ್ಟ್ ಮಾಡಿಕೊಡುತ್ತಿದ್ದೇನೆ. ಬೇಕಾದ ಹೆಸರು ಆರಿಸಿಕೊಳ್ಳುವ ಪಟ್ಟಿಗಳು, ಅಂದರೆ ಸ್ಲೈಸರ್, ಎರಡು ಇವೆ. ಎರಡರಲ್ಲೂ ಒಂದೊಂದು ತಾಲ್ಲೂಕು ಆರಿಸಿದರೆ ಕಂಬಗಳು ಅಕ್ಕಪಕ್ಕ ಬಂದು ನಿಲ್ಲುತ್ತವೆ. ಎರಡನೆಯ ಸ್ಲೈಸರ್‌ಗೆ ಬೇರೆಯದೇ ಟೇಬಲ್, ಅದಕ್ಕೆ ಡೇಟಾ ಜೊತೆ ಸಂಬಂಧ ಕಟ್ಟಿಲ್ಲ. ಕಟ್ಟಿದರೆ ಮೊದಲನೆಯ ತಾಲ್ಲೂಕಿನ ಅಂಕಿಯೂ ಸೋಸಿಹೋಗುತ್ತದೆ. ಮಂಡಿಯವರಿಗೆ ಬೇಕಾಗಿರುವುದು ಹರಿಹರ, ಜಗಳೂರಿನ ಹೋಲಿಕೆ. ಹರಿಹರದ ಕಡೆ ಭದ್ರಾ ನಾಲೆ ನೀರು, ಜಗಳೂರಿನ ಕಡೆ ಮಳೆ ಬಂದರೆ ಬೆಳೆ.

ಲೆಕ್ಕವೆಲ್ಲ ಸರಿ. ತಕರಾರು ಶೀರ್ಷಿಕೆಯದು. ಆರಿಸಿದ ಹೆಸರಿಗೆ ತಕ್ಕಂತೆ ಶೀರ್ಷಿಕೆ ಬದಲಾಗಬೇಕು ಅಂತ ಶೀರ್ಷಿಕೆಯ ಪಕ್ಕದ ಎಫ್‌ಎಕ್ಸ್ ಗುಂಡಿ ಒತ್ತಿ ಒಂದು ಮೆಷರ್ (ಲೆಕ್ಕದ ಸೂತ್ರ) ಕೊಟ್ಟಿದ್ದೇನೆ: ಹೆಸರು, ಅದಕ್ಕೆ ಅಂಟಿಸಿ ‘ಗೆ ಹೋಲಿಸಿದರೆ’. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ದಾವಣಗೆರೆ, ನಾಲ್ಕಕ್ಕೂ ‘ಗೆ’ ಚೆನ್ನಾಗಿ ಕೂತಿತು. ಹರಿಹರ ಆರಿಸಿದರೆ ‘ಹರಿಹರಗೆ’, ಜಗಳೂರು ಆರಿಸಿದರೆ ‘ಜಗಳೂರುಗೆ’! ಒಂದೇ ಸ್ಲೈಸರ್‌ನಲ್ಲಿ ಎರಡು ತಾಲ್ಲೂಕು ಒಟ್ಟಿಗೆ ಆರಿಸಿದರೆ, ಆರಿಸಿದ ಹೆಸರನ್ನು ತರುವ ಸೆಲೆಕ್ಟೆಡ್‌ವ್ಯಾಲ್ಯೂ ಫಂಕ್ಷನ್ ಖಾಲಿ ಕೊಡುತ್ತದೆ, ‘ಗೆ ಹೋಲಿಸಿದರೆ’ ಅಷ್ಟೇ ಉಳಿಯುತ್ತದೆ. ‘ಜೊತೆ’ ಹಾಕಿದರೂ ಹರಿಹರದ, ಜಗಳೂರಿನ ಅಂತ ಹೆಸರು ಬದಲಾಗಲೇಬೇಕು.

ಸದ್ಯಕ್ಕೆ ಹೆಸರಾದ ಮೇಲೆ ‘ತಾಲ್ಲೂಕಿಗೆ ಹೋಲಿಸಿದರೆ’ ಅಂತ ಹಾಕಿದ್ದೇನೆ. ಪ್ರತ್ಯಯ ‘ತಾಲ್ಲೂಕು’ ಪದಕ್ಕೆ ಸೇರುವುದರಿಂದ ಮುಂದೆ ಯಾವ ಹೆಸರು ಬಂದರೂ ಅಡ್ಡಿಯಿಲ್ಲ. ಇಸವಿಗೂ ತೊಂದರೆಯಿಲ್ಲ. ಒಂದಕ್ಕೆ, ಆರಕ್ಕೆ, ಇಪ್ಪತ್ತಕ್ಕೆ, ಸಾವಿರಕ್ಕೆ: ಇಸವಿ ಯಾವುದಾದರೂ ‘ಕ್ಕೆ’ಯೇ ಅಲ್ವಾ? ತಪ್ಪಿದ್ದರೆ ಹೇಳಿ.

ಸಿಕ್ಕಿಹಾಕಿಕೊಂಡಿರುವುದು ಬೆಳೆಗಳಲ್ಲಿ. ಮೆಕ್ಕೆಜೋಳಕ್ಕೆ, ಭತ್ತಕ್ಕೆ, ಆದರೆ ರಾಗಿಗೆ, ಅಡಿಕೆಗೆ. ‘ರಾಗಿ ಬೆಳೆಗೆ ಹೋಲಿಸಿದರೆ’ ಅಂದರೆ ವ್ಯಾಕರಣ ಸರಿಹೋಗುತ್ತದೆ, ಆದರೆ ಯಾರ್ಡಿಗೆ ಬಂದ ಮೇಲೆ ಅದು ಬೆಳೆಯಲ್ಲ, ಮಾಲು. ‘ಅಡಿಕೆ ಮಾಲಿಗೆ’ ಅಂತ ಬರೆಯಲು ಮನಸ್ಸು ಬರುತ್ತಿಲ್ಲ. ಇನ್ನೊಂದು ದಾರಿ, ಬೆಳೆಗಳ ಟೇಬಲ್‌ನಲ್ಲೇ ಒಂದು ಕಾಲಂ ಜಾಸ್ತಿ ಮಾಡಿ ‘ಮೆಕ್ಕೆಜೋಳಕ್ಕೆ’, ‘ರಾಗಿಗೆ’ ಅಂತ ಕೈಯಾರೆ ತುಂಬುವುದು. ನನಗೆ ಇದೇ ವಾಸಿ ಅನ್ನಿಸುತ್ತದೆ. ಸುಮ್ನೆ ಮಧ್ಯೆ ಗೀಟು ಎಳೆದು ‘ರಾಗಿ – ಅಡಿಕೆ’ ಅಂತ ಬಿಡಬಹುದು, ಆದರೆ ಯಾವುದನ್ನು ಯಾವುದರ ಎದುರು ಅಳೆದಿದ್ದೇವೆ ಅನ್ನುವುದೇ ಗೊತ್ತಾಗುವುದಿಲ್ಲ.

ಮತ್ತೊಂದು ಸಣ್ಣ ವಿಷಯ. ವರ್ಷದ ಹೋಲಿಕೆಗೆ ಸೇಮ್‌ಪೀರಿಯಡ್‌ಲಾಸ್ಟ್‌ಇಯರ್ ಅನ್ನುವ ಫಂಕ್ಷನ್ ಬಳಸಿದ್ದೇನೆ. 2022 ಆರಿಸಿದರೆ ಅದು 2021ರ ಅಂಕಿ ತರುತ್ತದೆ. ಅದರ ಮೇಲೆ ‘ಕಳೆದ ವರ್ಷ’ ಅಂತ ಬರೆದರೆ ಓದುವವರು ಇವತ್ತಿನಿಂದ ಲೆಕ್ಕ ಹಾಕುತ್ತಾರೆ. ‘ಹೋದ ವರ್ಷ’ವೂ ಹಾಗೆಯೇ. ಅದಕ್ಕೇ ‘ಹಿಂದಿನ ವರ್ಷ’ ಅಂತ ಇಟ್ಟೆ. ಇದಕ್ಕಿಂತ ಖಚಿತವಾದದ್ದು ಇದೆಯೇ?

ಚಾರ್ಟ್‌ಗೆ ಕನ್ನಡ ಪದ ಕೇಳುತ್ತಿಲ್ಲ, ಮಂಡಿಯಲ್ಲಿ ಎಲ್ಲರೂ ಚಾರ್ಟ್ ಅಂತಲೇ ಅನ್ನುತ್ತಾರೆ.

ಆ ಕಾಲಂ ತುಂಬುವಾಗ ಒಂದು ಕಡೆ ಕೈ ನಿಂತಿತು: ‘ಶೇಂಗಾಕ್ಕೆ’ಯೋ, ‘ಶೇಂಗಾಗೆ’ಯೋ? ನಿಮ್ಮ ಕಡೆ ಏನನ್ನುತ್ತಾರೆ, ಊರಿನ ಹೆಸರು ಸೇರಿಸಿ ಬರೆಯಿರಿ.