ಸ್ವಿಟ್ಜರ್ಲೆಂಡಿನ ವಾಲ್ ಮ್ಯುಸ್ಟೈರ್ ಕಣಿವೆ ಘಟ್ಟದ ಆಚೆ ಇದ್ರೂ ಇಟಲಿಗೆ ಯಾಕೆ ಸೇರಿಲ್ಲ?

ನಕ್ಷೆಪ್ರಿಯ:

ಎಲ್ರಿಗೂ ನಮಸ್ಕಾರ. ಆಲ್ಪ್ಸ್ ಕಡೆ ಗಡಿಗಳನ್ನ ಮ್ಯಾಪಲ್ಲಿ ಝೂಮ್ ಮಾಡಿ ನೋಡ್ತಾ ಇದ್ದೆ, ಸ್ವಿಟ್ಜರ್ಲೆಂಡಿನ ಪೂರ್ವದ ತುದೀಲಿ ವಾಲ್ ಮ್ಯುಸ್ಟೈರ್ ಅಂತ ಒಂದು ಪುಟ್ಟ ಕಣಿವೆ ಸಿಕ್ತು, ಗ್ರೌಬ್ಯುಂಡನ್ ಕ್ಯಾಂಟನ್‌ಗೆ (ಅಂದ್ರೆ ಅಲ್ಲಿನ ರಾಜ್ಯ) ಸೇರಿದ್ದು. ಉಳಿದ ಸ್ವಿಟ್ಜರ್ಲೆಂಡಿಂದ ಅಲ್ಲಿಗೆ ಹೋಗ್ಬೇಕಂದ್ರೆ 2149 ಮೀಟರ್ ಎತ್ತರದ ಓಫೆನ್ ಪಾಸ್ ಹತ್ತಿ ಇಳೀಬೇಕು, ಇಟಲಿ ಕಡೆಯಿಂದ ಆದ್ರೆ ಹೊಳೆ ಪಕ್ಕದಲ್ಲೇ ಸಲೀಸಾದ ರಸ್ತೆ. ಅಲ್ಲಿನ ರೋಮ್ ಅನ್ನೋ ಹೊಳೆ ಕೂಡ ಇಟಲಿಗೇ ಇಳಿದು ಆದಿಜೆ ನದಿ ಸೇರಿ ಏಡ್ರಿಯಾಟಿಕ್ ಸಮುದ್ರಕ್ಕೆ ಹೋಗತ್ತೆ, ಪಾಸಿನ ಈಚೆ ಬಿದ್ದ ನೀರು ಮಾತ್ರ ಇನ್ ನದಿ, ಡ್ಯಾನ್ಯೂಬ್ ಹಿಡ್ಕೊಂಡು ಕಪ್ಪು ಸಮುದ್ರಕ್ಕೆ. ನೀರು ಬೇರೆಯಾಗೋ ಏಣಲ್ಲೇ ಗಡಿ ಹಾಕೋದು ತಾನೇ ಸುಲಭ? ಇದು ಒಂದನೇ ಮಹಾಯುದ್ಧ ಆದ್ಮೇಲೆ ಎಳೆದ ಗೆರೆನಾ? ಅಲ್ಲಿನ ಜನ ಯಾವ ಭಾಷೆ ಆಡ್ತಾರೆ, ಹೊಟ್ಟೆಪಾಡಿಗೆ ಏನ್ ಮಾಡ್ತಾರೆ? ಗೊತ್ತಿರೋರು ಸ್ವಲ್ಪ ವಿವರವಾಗಿ ಹೇಳಿ.

ಹಳೇಕಾಗದ:

ಇಲ್ಲ ಸರ್, ಈ ಗೆರೆ ಒಂದನೇ ಮಹಾಯುದ್ಧಕ್ಕಿಂತ ತುಂಬಾ ಹಳೇದು. ಇದಕ್ಕೆ ಉತ್ತರ ಹುಡುಕ್ಬೇಕಂದ್ರೆ ಗುಡ್ಡ ಹೊಳೆ ಪಕ್ಕಕ್ಕಿಟ್ಟು ಗ್ರೌಬ್ಯುಂಡನ್‌ನಲ್ಲೇ ಇರೋ ಕೂರ್ ನಗರದ ಬಿಷಪ್‌ನ ನೋಡ್ಬೇಕು. ಕಣಿವೆಯ ಕೆಳತುದೀಲಿ ಮ್ಯುಸ್ಟೈರ್ ಊರಲ್ಲಿ ಸೇಂಟ್ ಜಾನ್ ಮಠ ಇದೆ, ಅದರ ಮರದ ತೊಲೆಗಳ ಉಂಗುರ ಎಣಿಸಿ ನೋಡಿದಾಗ 775ರ ಆಸುಪಾಸಲ್ಲಿ ಕಡಿದ ಮರ ಅಂತ ಗೊತ್ತಾಗಿದೆ. ಶಾರ್ಲಮೇನ್ ಚಕ್ರವರ್ತೀನೇ ಕಟ್ಟಿಸಿದ್ದು ಅನ್ನೋದು ಐತಿಹ್ಯ. ಈ ಮಠ, ಅದರ ಜಮೀನು ಎಲ್ಲಾ ಕೂರ್ ಬಿಷಪ್ ಕೈಲಿತ್ತು. ಕೆಳಗೆ ಈಗ ಇಟಲಿಯಲ್ಲಿರೋ ವಿನ್ಷ್‌ಗೌ ಕಣಿವೆ ಕೂಡ ಧರ್ಮದ ವಿಚಾರದಲ್ಲಿ ಕೂರ್‌ಗೇ ಸೇರಿತ್ತು, 19ನೇ ಶತಮಾನದ ಶುರುವಿನವರೆಗೂ. ಆದ್ರೆ ರಾಜಕೀಯವಾಗಿ ಅದು ಟಿರೋಲ್ ದೊರೆಗಳ ಪಾಲು, 1363ರಲ್ಲಿ ಇಡೀ ಟಿರೋಲ್ ಆಸ್ಟ್ರಿಯಾ ಆಳ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನಕ್ಕೆ ಹೋಯ್ತು.

ಇಲ್ಲಿಂದ ಜಗಳ ಶುರು. ಬಿಷಪ್ ತನ್ನ ಆಡಳಿತವನ್ನೇ ಹ್ಯಾಬ್ಸ್‌ಬರ್ಗ್‌ಗೆ ಒಪ್ಪಿಸಿಬಿಡ್ತಾನೆ ಅನ್ನೋ ಭಯಕ್ಕೆ ಅವನ ಪ್ರಜೆಗಳೇ 1367ರಲ್ಲಿ ಒಟ್ಟಾಗಿ ಒಂದು ಲೀಗ್, ಅಂದ್ರೆ ಒಕ್ಕೂಟ, ಕಟ್ಕೊಂಡ್ರು. ಮುಂದೆ ಇಂಥ ಮೂರು ಲೀಗ್ ಸೇರಿ ಇವತ್ತಿನ ಗ್ರೌಬ್ಯುಂಡನ್ ಆಗಿದ್ದು. 1499ರ ಮೇ 22ಕ್ಕೆ ಕಣಿವೆಯ ಬಾಯಲ್ಲೇ ಕಾಲ್ವೆನ್ ಅನ್ನೋ ಕಡೆ ದೊಡ್ಡ ಯುದ್ಧ. ಹ್ಯಾಬ್ಸ್‌ಬರ್ಗ್ ಪಡೆ ಇಕ್ಕಟ್ಟಾದ ಜಾಗದಲ್ಲಿ ಅಡ್ಡಗೋಡೆ ಹಾಕಿ ಕೂತಿತ್ತು, ಲೀಗಿನವರಲ್ಲಿ ಒಂದು ತಂಡ ರಾತ್ರೋರಾತ್ರಿ ಗುಡ್ಡ ಬಳಸಿ ಹಿಂದ್ಗಡೆಯಿಂದ ಬಿತ್ತು, ಉಳಿದವರು ಮುಂದ್ಗಡೆಯಿಂದ ನುಗ್ಗಿದ್ರು. ಗೆದ್ದವರು ಆಮೇಲೆ ವಿನ್ಷ್‌ಗೌ ಊರುಗಳನ್ನ ಸುಟ್ಟು ಹಾಕಿದ್ರು, ಅದನ್ನ ಮರೀಬಾರ್ದು. ಗ್ಲುರ್ನ್ಸ್ ಪಟ್ಟಣ ಆಗ ಹಾಳಾಗಿ ಮತ್ತೆ ಕಟ್ಟಿದ್ದು, ಇವತ್ತು ನೋಡೋಕೆ ಸಿಗೋ ಕೋಟೆಗೋಡೆ ಆ ಯುದ್ಧದ ನಂತರದ್ದೇ. ಅಷ್ಟಾದ್ರೂ ಹಕ್ಕಿನ ತಕರಾರು ಮುಗೀಲಿಲ್ಲ, 18ನೇ ಶತಮಾನದಲ್ಲಿ ಬಿಷಪ್ ತನ್ನ ಹಕ್ಕನ್ನ ಆಸ್ಟ್ರಿಯಾಗೆ ಮಾರಿದ್ದ, 1762ರಲ್ಲಿ ಲೀಗಿನವರು ದುಡ್ಡು ಕೊಟ್ಟು ಬಿಡಿಸ್ಕೊಂಡ್ರು. ಒಂದನೇ ಮಹಾಯುದ್ಧದಲ್ಲಿ ಬದಲಾಗಿದ್ದು ಗೆರೆ ಅಲ್ಲ, ಗೆರೆ ಆಚೆ ಇರೋ ದೇಶ. 1919ರ ಒಪ್ಪಂದದಲ್ಲಿ ವಿನ್ಷ್‌ಗೌ ಸೇರಿದ ದಕ್ಷಿಣ ಟಿರೋಲ್ ಆಸ್ಟ್ರಿಯಾದಿಂದ ಇಟಲಿಗೆ ಹೋಯ್ತು, ಅಷ್ಟೇ.

ಜ್ಯೂರಿಕ್‌ವಾಸಿ:

ಮೇಲಿನವರು ಇತಿಹಾಸ ಚೆನ್ನಾಗಿ ಹೇಳಿದ್ದಾರೆ, ನಾನು ಹೋಗಿ ನೋಡಿದ್ದನ್ನ ಸೇರಿಸ್ತೀನಿ. ಜೆರ್ನೆಟ್ಸ್ ಅನ್ನೋ ಊರಿಂದ ಹಳದಿ ಪೋಸ್ಟ್ ಬಸ್ ಹತ್ತಿದ್ರೆ ಅದು ಸ್ವಿಸ್ ನ್ಯಾಷನಲ್ ಪಾರ್ಕ್ ಒಳಗಿಂದಾನೇ ಓಫೆನ್ ಪಾಸ್ ಹತ್ತತ್ತೆ, 1914ರಲ್ಲಿ ಶುರುವಾದ ಪಾರ್ಕು, ಬಿದ್ದ ಮರಾನೂ ಯಾರೂ ಎತ್ತಲ್ಲ, ಹಾಗೇ ಕೊಳೆಯೋಕೆ ಬಿಡ್ತಾರೆ. ಪಾಸ್ ದಾಟಿ ಇಳಿಯೋವಾಗ ಹುಲ್ಲುಗಾವಲು, ಒಂದಾದ್ಮೇಲೆ ಒಂದು ಸಣ್ಣ ಊರು, ಕಣಿವೆ ಪೂರ್ತಿ ಸೇರಿದ್ರೂ ಒಂದೂವರೆ ಸಾವಿರ ಜನ ಇಲ್ಲ. ಸಾಂತಾ ಮರಿಯಾ ಊರಲ್ಲಂತೂ ಮುಖ್ಯರಸ್ತೆ ಎಷ್ಟು ಇಕ್ಕಟ್ಟು ಅಂದ್ರೆ ಬಸ್ಸಿನ ಎರಡೂ ಕಡೆ ಮನೆ ಗೋಡೆ, ಕಿಟಕೀಲಿ ಕೂತು ನೋಡಿದ್ರೆ ಗಾರೆ ಮೇಲೆ ಕೆರೆದು ಬಿಡಿಸಿದ ಬಳ್ಳಿ, ಹೂವು ಎಲ್ಲಾ ಕಣ್ಣಿಗೆ ತಾಗೋ ಹಾಗೆ ಕಾಣ್ಸತ್ತೆ. ಅದೇ ಊರಲ್ಲಿ 1928ರಿಂದ ನಡೀತಿರೋ ಟೆಸ್ಸಾಂಡಾ ಅನ್ನೋ ಕೈಮಗ್ಗದ ಮನೆ ಇದೆ, ಇವತ್ತಿಗೂ ನೇಯ್ತಾರೆ.

ಮಠದ ಚರ್ಚ್ ಬಗ್ಗೆ ಹೇಳ್ಲೇಬೇಕು. ಒಳಗೆ ಕಾಲಿಟ್ಟಾಗ ಏನೋ ಮಬ್ಬು ಮಬ್ಬು ಕೆಂಪು, ಕಂದು ಬಣ್ಣ ಅಷ್ಟೇ ಅನ್ಸತ್ತೆ, ಕಣ್ಣು ಹೊಂದ್ಕೊಂಡ ಮೇಲೆ ಗೋಡೆ ತುಂಬಾ ಸಾಲು ಸಾಲು ಚಿತ್ರ ಎದ್ದು ಬರತ್ತೆ, 800ನೇ ಇಸವಿ ಹೊತ್ತಿಗೆ ಬರೆದಿದ್ದು. 1200ರ ಹೊತ್ತಿಗೆ ಅದರ ಮೇಲೆ ಇನ್ನೊಂದು ಪದರ ಬರೆದ್ರು, ಹಾಗಾಗಿ ಪೂರ್ವದ ಕಡೆ ಗೋಡೇಲಿ ಎರಡು ಕಾಲದ ಚಿತ್ರ ಒಟ್ಟಿಗೇ ಸಿಗತ್ತೆ. ಮೇಲಿನ ಪದರದಲ್ಲಿ ಬೈಬಲ್ ಕಥೆಯ ಹೆರೋಡ್ ರಾಜನ ಊಟದ ಮೇಜಿನ ಮುಂದೆ ಸಲೋಮೆ ಬೆನ್ನು ಬಾಗಿಸಿ ಕುಣಿಯೋದಿದೆ, ಅದರ ಮುಂದೆ ಸುಮ್ನೆ ನಿಂತ್ಕೊಂಡುಬಿಟ್ಟೆ. ಮಧ್ಯೆ ಎಷ್ಟೋ ಶತಮಾನ ಈ ಹಳೇ ಚಿತ್ರಗಳು ಸುಣ್ಣದ ಕೆಳಗೆ ಮುಚ್ಚಿಹೋಗಿದ್ವು, 1894ರಲ್ಲಿ ಮೊದಲು ಗುರುತು ಸಿಕ್ಕಿದ್ದು. 1983ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರ್ತು. ಬೆನೆಡಿಕ್ಟೈನ್ ಸನ್ಯಾಸಿನಿಯರು ಇವತ್ತಿಗೂ ಅಲ್ಲೇ ಇದ್ದಾರೆ.

ನಕ್ಷೆಪ್ರಿಯ:

ಇಬ್ರಿಗೂ ತುಂಬಾ ಥ್ಯಾಂಕ್ಸ್. ಭಾಷೆ ಬಗ್ಗೆ ಯಾರಾದ್ರೂ ಹೇಳ್ತೀರಾ? ಆಮೇಲೆ ಯುದ್ಧದ ಟೈಮಲ್ಲಿ ಪಕ್ಕದಲ್ಲೇ ಆಸ್ಟ್ರಿಯಾ ಇಟಲಿ ಹೊಡೆದಾಡ್ತಿದ್ವಲ್ಲ, ಈ ಕಣಿವೆಗೆ ಏನೂ ಆಗ್ಲಿಲ್ವಾ?

ಮಾತುಗಾತಿ:

ಭಾಷೆ ನಾನು ಹೇಳ್ತೀನಿ, ನನಗೆ ಇಷ್ಟದ ವಿಷಯ. ಕಣಿವೆ ಜನ ಆಡೋದು ರೊಮಾನ್ಶ್, ಲ್ಯಾಟಿನ್ ಮೂಲದ್ದು, ಸ್ವಿಟ್ಜರ್ಲೆಂಡಿನ ನಾಲ್ಕು ರಾಷ್ಟ್ರಭಾಷೆಗಳಲ್ಲಿ ಒಂದು, 1938ರಲ್ಲಿ ಮತ ಹಾಕಿ ಒಪ್ಪಿದ್ದು. ಒಂದು ಕಾಲಕ್ಕೆ ಗಡಿ ಆಚೆ ವಿನ್ಷ್‌ಗೌ ಮೇಲ್ಭಾಗದಲ್ಲೂ ಇದೇ ಮಾತು. ಕ್ರೈಸ್ತ ಧರ್ಮದಲ್ಲಿ ಸುಧಾರಣೆ ಬಂದು ಪ್ರೊಟೆಸ್ಟೆಂಟ್ ಪಂಥ ಹುಟ್ಟಿದಾಗ ಪಕ್ಕದ ಎಂಗಾಡಿನ್ ಕಣಿವೆ ಪ್ರೊಟೆಸ್ಟೆಂಟ್ ಆಯ್ತು, ವಾಲ್ ಮ್ಯುಸ್ಟೈರ್‌ನ ಊರುಗಳೂ ಆದ್ವು, ಮಠ ಇರೋ ಮ್ಯುಸ್ಟೈರ್ ಒಂದು ಮಾತ್ರ ಕ್ಯಾಥೊಲಿಕ್ ಆಗೇ ಉಳೀತು. ಕೆಳಗೆ ಟಿರೋಲ್ ಕಡೆಯ ಕ್ಯಾಥೊಲಿಕ್ ಅಧಿಕಾರಿಗಳಿಗೆ ರೊಮಾನ್ಶ್ ಅಂದ್ರೆ ವಿರೋಧಿಗಳ ಭಾಷೆ ಅನ್ನೋ ಅನುಮಾನ ಬಂತು, 17ನೇ ಶತಮಾನದಿಂದ ಅದನ್ನ ಅದುಮಿ ಜರ್ಮನ್ ತಂದ್ರು. ಮುಂದೆ 1920ರ ದಶಕದಲ್ಲಿ ಮುಸೊಲಿನಿ ಸರ್ಕಾರ ಅದೇ ಜರ್ಮನ್ ಜನರ ಶಾಲೇಲಿ ಜರ್ಮನ್ ನಿಲ್ಲಿಸಿ ಇಟಾಲಿಯನ್ ಹೇರ್ತು, ಮನೆಗಳಲ್ಲಿ ಕದ್ದುಮುಚ್ಚಿ ಮಕ್ಕಳಿಗೆ ಪಾಠ ಹೇಳಿಕೊಡೋ ಹಾಗಾಯ್ತು. ಒಂದೇ ಹೊಳೆ ದಡದ ಜನ, ಗಡಿ ಯಾವ ಕಡೆ ಇದ್ರು ಅನ್ನೋದರ ಮೇಲೆ ಮನೆಮಾತೇ ಬೇರೆ ಆಗೋಯ್ತು, ಇದು ನನಗೆ ಇವತ್ತಿಗೂ ಸಂಕಟ ಆಗೋ ವಿಷಯ.

ಹೊಟ್ಟೆಪಾಡು ಅಂದ್ರೆ ಹಸು, ಹಾಲು, ಹುಲ್ಲು, ಪ್ರವಾಸಿಗರು. ಸಾವಯವ ಕೃಷಿ ಮಾಡೋರೇ ಜಾಸ್ತಿ. ಫ್ರಾಂಕ್‌ನಲ್ಲಿ ಸಂಬಳ ಜಾಸ್ತಿ ಸಿಗತ್ತೆ ಅಂತ ವಿನ್ಷ್‌ಗೌ ಕಡೆಯಿಂದ ದಿನಾ ಗಡಿ ದಾಟಿ ಕೆಲಸಕ್ಕೆ ಬರೋರು ತುಂಬಾ ಇದ್ದಾರೆ, ಯೂರೋದಲ್ಲಿ ಅಗ್ಗ ಅಂತ ಕಣಿವೆಯವರು ಸಾಮಾನು ತರೋಕೆ ಆ ಕಡೆ ಇಳೀತಾರೆ.

ಹಳೇಕಾಗದ:

ಯುದ್ಧದ ಪ್ರಶ್ನೆಗೆ ಬರ್ತೀನಿ. ಸಾಂತಾ ಮರಿಯಾದಿಂದ ಉಂಬ್ರೈಲ್ ಪಾಸಿಗೆ ರಸ್ತೆ ಹೋಗತ್ತೆ, 2501 ಮೀಟರ್, 1901ರಲ್ಲಿ ಮಾಡಿದ್ದು. ಅದರ ಪಕ್ಕದಲ್ಲೇ ಸ್ಟೆಲ್ವಿಯೋ ಪಾಸ್, 2757 ಮೀಟರ್. ಸ್ಟೆಲ್ವಿಯೋ ರಸ್ತೆ ಕಟ್ಟಿದ್ದು 1820ರಿಂದ 1825ರಲ್ಲಿ, ಆಗ ಉತ್ತರ ಇಟಲಿಯ ಲೊಂಬಾರ್ಡಿನೂ ಆಸ್ಟ್ರಿಯಾದ್ದೇ ಆಗಿತ್ತು, ಎರಡು ಪ್ರಾಂತ್ಯ ಜೋಡಿಸೋಕೆ ಅಂತ ಮಾಡಿಸಿದ್ರು. 1859ರಲ್ಲಿ ಲೊಂಬಾರ್ಡಿ ಕೈತಪ್ಪಿದ ಮೇಲೆ ಆ ಪಾಸೇ ಗಡಿ ಆಯ್ತು, ಅಲ್ಲಿ ಮೇಲೆ ಡ್ರೈಸ್ಪ್ರಾಖೆನ್‌ಸ್ಪಿಟ್ಸೆ ಅನ್ನೋ 2843 ಮೀಟರಿನ ಶಿಖರದಲ್ಲಿ ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಇಟಲಿ ಮೂರೂ ಕೂಡ್ತಿದ್ವು. 1915ರಲ್ಲಿ ಇಟಲಿ ಯುದ್ಧಕ್ಕಿಳಿದಾಗ ಇಲ್ಲಿಂದಲೇ ರಣರಂಗ ಶುರು. ಸ್ವಿಟ್ಜರ್ಲೆಂಡ್ ತಟಸ್ಥ ದೇಶ, ಅದರ ನೆಲದ ಮೇಲೆ ಗುಂಡು ಹಾರಿಸೋ ಹಾಗಿಲ್ಲ, ಹಾಗಾಗಿ ಆಸ್ಟ್ರಿಯಾದವರು ಸ್ವಿಸ್ ಗಡಿಕಲ್ಲಿಗೆ ಒತ್ತಿಕೊಂಡೇ ಬಂಕರ್ ಕಟ್ಕೊಂಡ್ರು, ಇಟಲಿಯವರ ಫಿರಂಗಿಗೆ ಗುರಿ ಇಡೋದೇ ಕಷ್ಟ ಆಯ್ತು. ಈ ಕಡೆ ಸ್ವಿಸ್ ಸೈನಿಕರು ಚಳಿಗಾಲ ಪೂರ್ತಿ ಹಿಮದಲ್ಲಿ ಕೂತು ಗಡಿ ಕಾದ್ರು. ಕಂದಕ, ಕಲ್ಲುಗೋಡೆ ಎಲ್ಲಾ ಈಗಲೂ ಇದೆ, ನಡ್ಕೊಂಡು ನೋಡೋಕೆ ದಾರಿ ಮಾಡಿದ್ದಾರೆ.

ಕಾಡುಹೆಜ್ಜೆ:

ಸ್ವಿಟ್ಜರ್ಲೆಂಡಲ್ಲಿ ಕೊನೇ ಕರಡಿ ಕೊಂದಿದ್ದು 1904ರಲ್ಲಿ, ಪಕ್ಕದ ಎಸ್‌ಚಾರ್ಲ್ ಕಣಿವೇಲಿ. ಅದಾದ್ಮೇಲೆ ಮೊದಲ ಕರಡಿ 2005ರಲ್ಲಿ ಬಂದಿದ್ದು ಇದೇ ಓಫೆನ್ ಪಾಸ್ ಹತ್ರಕ್ಕೆ, ಇಟಲಿಯ ಟ್ರೆಂಟಿನೋ ಕಡೆ ಹುಟ್ಟಿದ್ದು. ಜನ ಗುಂಪುಗುಂಪಾಗಿ ನೋಡೋಕೆ ಬಂದ್ರು, ಕುರಿ ಕಳ್ಕೊಂಡವರು ಮಾತ್ರ ತಲೆ ಮೇಲೆ ಕೈ ಹೊತ್ತು ಕೂತ್ರು.

ಜ್ಯೂರಿಕ್‌ವಾಸಿ:

@ನಕ್ಷೆಪ್ರಿಯ ಹೋಗೋ ಪ್ಲಾನ್ ಇದ್ರೆ ಬೇಸಿಗೇಲೇ ಹೋಗಿ, ಚಳಿಗಾಲದಲ್ಲಿ ಓಫೆನ್ ಪಾಸ್ ತೆರೆದಿದ್ರೂ ಉಂಬ್ರೈಲ್ ಮುಚ್ಚಿರತ್ತೆ. ಪೋಸ್ಟ್ ಬಸ್ ಗಡಿ ದಾಟಿ ಇಟಲಿಯ ಮಾಲ್ಸ್ ತನಕ ಹೋಗತ್ತೆ, ಅಲ್ಲಿಂದ ಮೆರಾನೋಗೆ ರೈಲಿದೆ, 1990ರಲ್ಲಿ ನಿಲ್ಲಿಸಿದ್ದನ್ನ 2005ರಲ್ಲಿ ಮತ್ತೆ ಶುರು ಮಾಡಿದ್ದು. ಗ್ಲುರ್ನ್ಸ್‌ನಲ್ಲಿ ಇಳಿದು ಕೋಟೆಗೋಡೆ ಸುತ್ತು ಹಾಕೋದು ಬಿಡ್ಬೇಡಿ.